7.4 ಕಿಲೋವ್ಯಾಟ್ ಸ್ಮಾರ್ಟ್ ಇವಿ ಚಾರ್ಜರ್: ಮೂರು ವರ್ಷ ಬಳಸಿದ ಮೇಲೆ

ವಿದ್ಯುತ್ ಕಾರನ್ನು (ಇವಿ) ಮನೆಯಲ್ಲೇ ಚಾರ್ಜ್ ಮಾಡಲು ಗೋಡೆಗೆ ಹಾಕುವ ಪೆಟ್ಟಿಗೆ ಇದು. ಸಿಂಗಲ್ ಫೇಸ್, 32 ಆಂಪ್. ಟೈಪ್ 2 ಎಂಬ ನಮೂನೆಯ, ಕಾರಿಗೆ ಸಿಕ್ಕಿಸುವ ಕನೆಕ್ಟರಿನ 5 ಮೀಟರ್ ಕೇಬಲ್ ಪೆಟ್ಟಿಗೆಗೇ ಜೋಡಿಸಿಕೊಂಡು ಬರುತ್ತದೆ. ಮೇನ್ಸ್ ವೈರಿಗೆ ಹಾಕಲು ಸಿಟಿ ಕ್ಲ್ಯಾಂಪ್ (ವೈರನ್ನು ತಬ್ಬಿ ಕರೆಂಟ್ ಅಳೆಯುವ ಬಳೆ), ಜೊತೆಗೆ ವೈಫೈ, ಓಸಿಪಿಪಿ 1.6 (ಚಾರ್ಜರ್ ಸರ್ವರಿನೊಡನೆ ಮಾತಾಡುವ ಮುಕ್ತ ಭಾಷೆ). ಈ ವರ್ಗದ ಪೆಟ್ಟಿಗೆಗಳು ಒಳಗೆ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಇಲ್ಲಿನ ಬಹುಪಾಲು ಮಾತು ಬೇರೆ ಬ್ರ್ಯಾಂಡಿಗೂ ಹೊಂದುತ್ತದೆ. ಅಂಕ ಕೊಡುವುದಾದರೆ ಲೋಡ್ ಹಂಚಿಕೆಗೆ (ಮನೆಯ ಬಳಕೆ ನೋಡಿ ಕಾರಿನ ಕರೆಂಟನ್ನು ಏರಿಸಿ ಇಳಿಸುವುದಕ್ಕೆ) ಹತ್ತಕ್ಕೆ ಒಂಬತ್ತು, ಆ್ಯಪಿಗೆ ನಾಲ್ಕು. ಜಾಣತನ ಪೆಟ್ಟಿಗೆಯೊಳಗಿದ್ದರೆ ಲಾಭ, ಫೋನಿನಲ್ಲಿದ್ದರೆ ಬರೀ ಶೋಕಿ.

ಹೆಸರು ಚಾರ್ಜರ್ ಅಂತಿದ್ದರೂ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಗೋಡೆಯ ಮೇಲಿನದು ತಲೆಯಿರುವ ಒಂದು ಸ್ವಿಚ್, ಅಷ್ಟೆ. ಕೇಬಲ್ಲಿನಲ್ಲಿರುವ ಕಂಟ್ರೋಲ್ ಪೈಲಟ್ ಎಂಬ ಸಣ್ಣ ತಂತಿಯಲ್ಲಿ ಸೆಕೆಂಡಿಗೆ 1000 ಬಾರಿ ಬಡಿಯುವ ಸಿಗ್ನಲ್ ಕಳಿಸಿ, 'ಈಗ ಇಷ್ಟೇ ಆಂಪ್ ತಗೋ' ಎಂದು ಕಾರಿಗೆ ಹೇಳುತ್ತದೆ. ಆ ಬಡಿತದಲ್ಲಿ ಸಿಗ್ನಲ್ ಆನ್ ಇರುವ ಪಾಲು ಶೇ 10 ಇದ್ದರೆ 6 ಆಂಪ್, ಶೇ 26.7 ಇದ್ದರೆ 16, ಶೇ 53.3 ಇದ್ದರೆ 32. ಇದಕ್ಕೆ ಇಂಟರ್ನೆಟ್ಟೂ ಬೇಡ, ಸರ್ವರ್ರೂ ಬೇಡ. ಹಾಗಾಗಿ ಕೊಳ್ಳುವ ಮೊದಲು ಕಾರಿನ ಒಳಗಿನ ಚಾರ್ಜರ್ ಎಷ್ಟರದ್ದು ಎಂದು ನೋಡಿ. ಅದು 3.3 ಕಿಲೋವ್ಯಾಟಿನದಾದರೆ ಈ ಪೆಟ್ಟಿಗೆ ಹಾಕಿದರೂ 3.3ಕ್ಕಿಂತ ಹೆಚ್ಚು ಹೋಗುವುದಿಲ್ಲ. 7.4 ತಗೊಳ್ಳುವ ಕಾರಾದರೆ 40 ಯೂನಿಟ್ ಬ್ಯಾಟರಿಯನ್ನು ಶೇ 20ರಿಂದ 80ಕ್ಕೆ ಏರಿಸಲು ನಷ್ಟ ಸೇರಿ ಗೋಡೆಯಿಂದ ಸುಮಾರು 27 ಯೂನಿಟ್ ಬೇಕು, ಮೂರೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. 10 ಆಂಪಿನ ಸಾದಾ ಸಾಕೆಟ್ಟಿನಲ್ಲಾದರೆ ಇದೇ ಕೆಲಸಕ್ಕೆ ಹನ್ನೆರಡು ಗಂಟೆ.

ಈಗ ಸಿಟಿ ಕ್ಲ್ಯಾಂಪ್. ದುಡ್ಡು ಕೊಡಬೇಕಾದ್ದೇ ಇದಕ್ಕೆ. ಮೇನ್ಸ್ ಮಿತಿ 40 ಆಂಪ್ ಎಂದುಕೊಳ್ಳಿ, ಪೆಟ್ಟಿಗೆಯಲ್ಲಿ 36 ಎಂದು ಹಾಕಿಟ್ಟಿದೆ. ಮನೆ 4 ಆಂಪ್ ಎಳೆಯುವಾಗ ಕಾರಿಗೆ ಪೂರ್ತಿ 32. ಗೀಸರ್, ಇಂಡಕ್ಷನ್ ಒಲೆ ಎರಡೂ ಶುರುವಾಗಿ ಮನೆಯ ಲೋಡ್ 22ಕ್ಕೆ ಏರಿದರೆ ಕಾರಿಗೆ 14. ಪೆಟ್ಟಿಗೆ ಒಂದೆರಡು ಸೆಕೆಂಡಿನಲ್ಲಿ ಹೇಳುತ್ತದೆ, ಕಾರು 5 ಸೆಕೆಂಡಿನೊಳಗೆ ಇಳಿಸುತ್ತದೆ. ಆ ನಡುವಿನ ಕ್ಷಣಗಳಲ್ಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದಿಲ್ಲವೇ? ಇಲ್ಲ. ಮನೆಬಳಕೆಯ ಎಂಸಿಬಿ 1.45 ಪಟ್ಟು ಕರೆಂಟಿಗೆ ಒಂದು ಗಂಟೆಯೊಳಗೆ ಬಿದ್ದರೆ ಸಾಕು ಎಂದೇ ಮಾನದಂಡ ಹೇಳುತ್ತದೆ, ಐದಾರು ಸೆಕೆಂಡಿನ ಹೆಚ್ಚುವರಿ ಅದಕ್ಕೆ ಲೆಕ್ಕಕ್ಕಿಲ್ಲ. ಕಾರಿಗೆ ಉಳಿಯುವುದು 6 ಆಂಪಿಗಿಂತ ಕಡಿಮೆಯಾದರೆ ಮಾತ್ರ ಚಾರ್ಜಿಂಗ್ ಪೂರ್ತಿ ನಿಲ್ಲುತ್ತದೆ, ಏಕೆಂದರೆ 6ಕ್ಕಿಂತ ಕೆಳಗೆ ಹೇಳಲು ಆ ಪೈಲಟ್ ಸಿಗ್ನಲ್ಲಿನ ಭಾಷೆಯಲ್ಲಿ ಪದವೇ ಇಲ್ಲ. ಮತ್ತೆ ಶುರುವಾಗುವ ಮುಂಚಿನ ಕಾಯುವ ಸಮಯವನ್ನು ಕನಿಷ್ಠ 5 ನಿಮಿಷಕ್ಕೆ ಇಡಿ. ಇಲ್ಲದಿದ್ದರೆ ಇಂಡಕ್ಷನ್ ಒಲೆ ಆನ್ ಆಫ್ ಆದಂತೆಲ್ಲ ಪೆಟ್ಟಿಗೆಯೊಳಗಿನ ರಿಲೇ (ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್) ಕಟಕಟ ಬಡಿದು ಬೇಗ ಸವೆಯುತ್ತದೆ.

ಎಡವಟ್ಟು ಆಗುವುದೂ ಇಲ್ಲೇ. ಕ್ಲ್ಯಾಂಪಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ತೂರಿಸಿದರೆ ಒಂದನ್ನೊಂದು ಹೊಡೆದುಹಾಕಿ ಓದು ಸೊನ್ನೆ, ಮನೆ ಎಷ್ಟು ಎಳೆದರೂ ಕಾರಿಗೆ 32 ಹೋಗುತ್ತಲೇ ಇರುತ್ತದೆ. ಕ್ಲ್ಯಾಂಪಿನ ಎರಡು ದವಡೆ 'ಟಕ್' ಎಂದು ಮುಚ್ಚದೆ ಕೂದಲೆಳೆಯಷ್ಟು ಸಂದು ಉಳಿದರೂ ಕಡಿಮೆ ತೋರಿಸುತ್ತದೆ. ಇದು ಇನ್ನೂ ಅಪಾಯ, ಏಕೆಂದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಸೋಲಾರ್ ಇದ್ದರೆ ಬಾಣದ ಗುರುತಿನ ದಿಕ್ಕೂ ಮುಖ್ಯ, ತಿರುಗಿಸಿ ಹಾಕಿದರೆ ಒಳಬರುವ ಕರೆಂಟನ್ನು ಹೊರಹೋಗುತ್ತಿದೆ ಎಂದು ಓದುತ್ತದೆ. ಪರೀಕ್ಷೆ ಸುಲಭ: ಮಿಕ್ಕೆಲ್ಲ ಆಫ್ ಮಾಡಿ 2000 ವ್ಯಾಟಿನ ಕೆಟಲ್ ಒಂದನ್ನೇ ಹಾಕಿ. ಸುಮಾರು 8.7 ಆಂಪ್ ತೋರಿಸಬೇಕು. 6 ತೋರಿಸಿದರೆ ಕ್ಲ್ಯಾಂಪ್ ಬಿಚ್ಚಿ ಧೂಳು ಒರೆಸಿ ಮತ್ತೆ ಹಾಕಿ. ಇನ್ನೊಂದು ಪರೀಕ್ಷೆಯನ್ನು ಅಳವಡಿಸುವವರು ಮಾಡಿ ತೋರಿಸುವುದೇ ಇಲ್ಲ: ಚಾರ್ಜ್ ಆಗುತ್ತಿರುವಾಗ ಕ್ಲ್ಯಾಂಪಿನ ವೈರನ್ನು ಪೆಟ್ಟಿಗೆಯಿಂದ ಕಿತ್ತು ನೋಡುವುದು. ಒಳ್ಳೆಯ ಪೆಟ್ಟಿಗೆ ಕೂಡಲೇ 6 ಆಂಪಿಗೆ ಇಳಿಯಬೇಕು ಅಥವಾ ನಿಲ್ಲಬೇಕು. ಇದು 6ಕ್ಕೆ ಇಳಿಯುತ್ತದೆ. ಹಾಗೇ 32ರಲ್ಲಿ ಓಡುವಂಥದ್ದಾದರೆ ವಾಪಸ್ ಕೊಡಿ.

ವೈರಿಂಗ್ ವಿಷಯದಲ್ಲಿ ಕಂಜೂಸುತನ ಮಾಡಿದರೆ ಕಿಸೆಗೇ ಪೆಟ್ಟು. 25 ಮೀಟರ್ ದೂರಕ್ಕೆ 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದರೆ 32 ಆಂಪಿನಲ್ಲಿ ಸುಮಾರು 5 ವೋಲ್ಟ್ ದಾರಿಯಲ್ಲೇ ಬೀಳುತ್ತದೆ, 155 ವ್ಯಾಟಿನಷ್ಟು ಬರೀ ಬಿಸಿಯಾಗಿ ಹೋಗುತ್ತದೆ. 10 ಚದರ ಮಿಲಿಮೀಟರಾದರೆ ಅದು 95 ವ್ಯಾಟಿನ ಹತ್ತಿರ. ಕೇಬಲ್ಲಿಗಿಂತ ಕೆಟ್ಟದ್ದು ಸಡಿಲ ಸ್ಕ್ರೂ. ತಂತಿ ಬಿಗಿಯುವ ಟರ್ಮಿನಲ್ಲಿನಲ್ಲಿ ರೋಧ 10 ಮಿಲಿಓಮ್ ಹೆಚ್ಚಾದರೂ 32 ಆಂಪಿಗೆ 10 ವ್ಯಾಟ್ ಬಿಸಿ ಒಂದೇ ಬಿಂದುವಿನಲ್ಲಿ, ಅದೂ ಗಂಟೆಗಟ್ಟಲೆ. ಮೊದಲು ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಮೀನು ಸುಟ್ಟಂಥ ವಾಸನೆ ಬರುತ್ತದೆ. ಎಳೆಎಳೆ ತಂತಿಯ ತುದಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಸಣ್ಣ ಕೊಳವೆ) ಹಾಕಿಸಿ, ಟಾರ್ಕ್ ಸ್ಕ್ರೂಡ್ರೈವರಿನಿಂದ ಮ್ಯಾನ್ಯುಯಲ್ಲಿನ ಅಳತೆಗೇ ಬಿಗಿಮಾಡಿಸಿ. ಮೊದಲ ತಿಂಗಳ ಕೊನೆಗೊಮ್ಮೆ, ನಂತರ ವರ್ಷಕ್ಕೊಮ್ಮೆ ಮೇನ್ಸ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರಿಂದ ನೋಡಿಸಬೇಕು.

ಕರೆಂಟ್ ಸೋರಿದರೆ ಬಿದ್ದು ಶಾಕಿನಿಂದ ಕಾಪಾಡುವ ಆರ್‌ಸಿಸಿಬಿ ಸ್ವಿಚ್ಚಿನ ಬಗ್ಗೆ ಒಂದೇ ಮಾತು. ಕಾರಿನಿಂದ 6 ಮಿಲಿಆಂಪಿಗಿಂತ ಹೆಚ್ಚು ಡಿಸಿ (ಒಂದೇ ದಿಕ್ಕಿನ ಕರೆಂಟ್) ಸೋರಿದರೆ ಟೈಪ್ ಎ ಆರ್‌ಸಿಸಿಬಿ ಕುರುಡಾಗಬಹುದು. ಯಾರಿಗಾದರೂ ಶಾಕ್ ಹೊಡೆದರೂ ಅದು ಬೀಳದೇ ಇರಬಹುದು. ಪೆಟ್ಟಿಗೆಯೊಳಗೇ 6 ಮಿಲಿಆಂಪ್ ಡಿಸಿ ಪತ್ತೆ ಇದ್ದರೆ 30 ಮಿಲಿಆಂಪಿನ ಟೈಪ್ ಎ ಸಾಕು, ಇಲ್ಲದಿದ್ದರೆ ಡಿಸಿ ಸೋರಿಕೆಯನ್ನೂ ಹಿಡಿಯುವ ಟೈಪ್ ಬಿ ಬೇಕು. ಎಸಿ ಸೋರಿಕೆಯನ್ನಷ್ಟೇ ಹಿಡಿಯುವ ಟೈಪ್ ಎಸಿ ಮಾತ್ರ ಬೇಡವೇ ಬೇಡ.

ವೇಳಾಪಟ್ಟಿಯ ಸೌಲಭ್ಯ ಚೆನ್ನಾಗಿದೆ, ಆದರೆ ಕಾರಿನಲ್ಲೊಂದು ಟೈಮರ್, ಪೆಟ್ಟಿಗೆಯಲ್ಲೊಂದು ಟೈಮರ್ ಇಟ್ಟರೆ ಎರಡರ ವೇಳೆ ಹೊಂದದೆ ಬೆಳಿಗ್ಗೆ ಬ್ಯಾಟರಿ ಖಾಲಿ. ಕಾರನ್ನು 'ತಕ್ಷಣ ಚಾರ್ಜ್' ಎಂದಿಟ್ಟು ಪೆಟ್ಟಿಗೆಗೇ ಬಿಡುವುದು ಮೇಲು. ಕೆಲವು ಕಾರುಗಳು ಪ್ಲಗ್ ಹಾಕಿ ಮೂರ್ನಾಲ್ಕು ಗಂಟೆ ಕಾಯಿಸಿದರೆ ಗಾಢ ನಿದ್ದೆಗೆ ಹೋಗಿ, ಪೆಟ್ಟಿಗೆ ಕರೆದರೂ ಏಳುವುದಿಲ್ಲ. ಎರಡನೇ ವರ್ಷದ ಫರ್ಮ್‌ವೇರ್‌ನಲ್ಲಿ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್‌ನಲ್ಲಿ) ಇದಕ್ಕೆ ಮದ್ದು ಬಂತು: ಪೈಲಟ್ ಸಿಗ್ನಲ್ಲನ್ನು ಕೆಲವು ಸೆಕೆಂಡ್ ಕಡಿದು ಕೊಡುತ್ತದೆ, ಪ್ಲಗ್ ತೆಗೆದು ಹಾಕಿದರೆಂದು ಕಾರು ನಂಬಿ ಏಳುತ್ತದೆ. ದಿನದ ಕೆಲವು ಗಂಟೆ ಮಾತ್ರ ಇರುವ ಕರೆಂಟಿನ ಅಗ್ಗದ ದರ ಶುರುವಾಗುವ ಗಂಟೆಗೆ ಸರಿಯಾಗಿ ಚಾರ್ಜಿಂಗ್ ಶುರುವಾಗದೆ ಐದೆಂಟು ನಿಮಿಷ ತಡವಾಗುತ್ತದೆ ಎಂದು ದೂರುವವರು ಬಹಳ. ಅದು ದೋಷವಲ್ಲ, ಬೇಕೆಂದೇ ಮಾಡಿದ್ದು. ಸಾವಿರಾರು ಕಾರು ಒಂದೇ ಸೆಕೆಂಡಿಗೆ ಲೋಡ್ ಹಾಕಿದರೆ ಗ್ರಿಡ್ಡಿಗೆ ಧಕ್ಕೆ. ಬ್ರಿಟನ್ನಿನಲ್ಲಂತೂ 2022ರ ಜೂನ್ 30ರಿಂದ ಮನೆಯ ಹೊಸ ಚಾರ್ಜರುಗಳಲ್ಲಿ 10 ನಿಮಿಷದವರೆಗಿನ ಇಂಥ ಯಾದೃಚ್ಛಿಕ ತಡ ಇರಲೇಬೇಕೆಂಬ ನಿಯಮವಿದೆ.

ಎಷ್ಟು ಆಂಪಿನಲ್ಲಿ ಹಾಕಬೇಕು? ಅಗ್ಗದ ದರ ಆರು ಗಂಟೆ ಇದ್ದು 20 ಯೂನಿಟ್ ಬೇಕಾದರೆ 16 ಆಂಪ್ ಸಾಕು, ಐದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಟರ್ಮಿನಲ್ಲಿನ ಬಿಸಿ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಾಗೆಂದು 6 ಆಂಪಿಗೆ ಇಳಿಸಬೇಡಿ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪ್ ಎಲ್ಲ ಎಚ್ಚರವಿದ್ದು 250 ವ್ಯಾಟಿನಷ್ಟು ತಿನ್ನುತ್ತವೆ. 6 ಆಂಪಿನ 1.38 ಕಿಲೋವ್ಯಾಟಿನಲ್ಲಿ ಅದು ಶೇ 18, 32 ಆಂಪಿನಲ್ಲಿ ಶೇ 4ಕ್ಕೂ ಕಡಿಮೆ. ಸೋಲಾರ್ ಕರೆಂಟಿನಲ್ಲಷ್ಟೇ ಚಾರ್ಜ್ ಮಾಡುವ 'ಬರೀ ಸೋಲಾರ್' ಸೌಲಭ್ಯದ ಹುಳುಕೂ ಇದೇ: ಮೋಡ ಬಂದಾಗಲೆಲ್ಲ 6ಕ್ಕೆ ಇಳಿದು, ನಿಂತು, ಮತ್ತೆ ಶುರುವಾಗಿ, ಬಿಟ್ಟಿ ಕರೆಂಟಿನ ಒಂದು ಪಾಲು ಕಾರು ಎಚ್ಚರವಿರುವುದಕ್ಕೇ ಖರ್ಚು.

ಆ್ಯಪಿಗೆ ನಾಲ್ಕೇ ಅಂಕ ಏಕೆಂದರೆ ಅದಕ್ಕೆ ಕಂಪನಿಯ ಸರ್ವರ್ ಇಲ್ಲದೆ ಕಣ್ಣು ಕಾಣುವುದಿಲ್ಲ. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಕಬ್ಬಿಣದ ಶಟರ್ ಇರುವ ಗ್ಯಾರೇಜಿನಲ್ಲಿ ಆಗಾಗ ಕೈಕೊಡುತ್ತದೆ. ಪುಣ್ಯಕ್ಕೆ ವೇಳಾಪಟ್ಟಿ ಪೆಟ್ಟಿಗೆಯಲ್ಲೇ ಉಳಿಯುವುದರಿಂದ ಚಾರ್ಜಿಂಗ್ ತಪ್ಪಿಲ್ಲ. ಕೊಳ್ಳುವಾಗ ಓಸಿಪಿಪಿ ಸರ್ವರಿನ ವಿಳಾಸವನ್ನು ನಾವೇ ಬದಲಿಸಬಹುದೇ ಎಂದು ಕೇಳಿ. ಬದಲಿಸಬಹುದಾದರೆ ನಾಳೆ ಕಂಪನಿ ಮುಚ್ಚಿದರೂ ಬೇರೆ ಸರ್ವರಿಗೆ ಜೋಡಿಸಿಕೊಳ್ಳಬಹುದು. 'ಗ್ರಿಡ್ಡಿಗೆ ಕರೆಂಟ್ ವಾಪಸ್ ಕೊಡಲು ಸಿದ್ಧ' ಎಂಬ ಚೀಟಿಗೆ ಮಾತ್ರ ಹೆಚ್ಚು ದುಡ್ಡು ಕೊಡಬೇಡಿ. ಟೈಪ್ 2ರಲ್ಲಿ ಅದಕ್ಕೆ ಐಎಸ್‌ಒ 15118-20 ಎಂಬ 2022ರ ಮಾನದಂಡದ ಭಾಷೆ ಪೆಟ್ಟಿಗೆಗೂ ಕಾರಿಗೂ ಬರಬೇಕು, ಒಂದಕ್ಕೆ ಬಂದರೆ ಸಾಲದು.

ಸವೆತ: ಪೆಟ್ಟಿಗೆ, ರಿಲೇ ಗಟ್ಟಿಯಾಗಿವೆ. ಕೇಬಲ್ ಕನೆಕ್ಟರಿಗೆ ಸೇರುವ ಕಡೆಯ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿದೆ. ಕೇಬಲ್ಲಿನ ಭಾರ ಕನೆಕ್ಟರಿನ ಮೇಲೆ ಬೀಳದಂತೆ ಕೊಕ್ಕೆಗೆ ಸುತ್ತಿಡಬೇಕಿತ್ತು. ತಿಂಗಳಿಗೊಮ್ಮೆ, ಅರ್ಧ ಗಂಟೆ ಚಾರ್ಜ್ ಆದಮೇಲೆ, ಕನೆಕ್ಟರಿನ ಹಿಡಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಚಾರ್ಜಿಂಗ್ ನಿಲ್ಲಿಸಿ, ಪಿನ್ನುಗಳ ಮೇಲೆ ಕಪ್ಪು ಕಲೆ ಇದೆಯೇ ನೋಡಿ. ಇದ್ದರೆ ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಬೆಳ್ಳಿಯ ಲೇಪ ಎದ್ದುಹೋಗಿ ಇನ್ನೂ ಹೆಚ್ಚು ಕಾಯುತ್ತದೆ. ಕೇಬಲ್ ಸಮೇತ ಕನೆಕ್ಟರ್ ಬದಲಿಸಿ.