10 ಇಂಚಿನ ಟೇಬಲ್ ಸಾ: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ಧಾರವಾಡದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಬಾಗಿಲ ಚೌಕಟ್ಟು, ಮಂಚ ಮತ್ತು ಅಡುಗೆಮನೆಯ ಕಪಾಟುಗಳ ಕೆಲಸ ನಡೆಯುತ್ತದೆ. 2000 ವ್ಯಾಟ್ ಮೋಟಾರು ಹಾಗೂ ಬೀಡುಕಬ್ಬಿಣದ ಮೇಜು ಇರುವ ಈ ಟೇಬಲ್ ಸಾ (ಮೇಜಿನ ಸೀಳಿನಿಂದ ಮೇಲೆದ್ದ ದುಂಡು ಬ್ಲೇಡಿಗೆ ಹಲಗೆ ತಳ್ಳಿ ಕೊಯ್ಯುವ ಯಂತ್ರ) ತಂದು ನಾಲ್ಕು ವರ್ಷಗಳಾದವು. ಅದಕ್ಕೂ ಮೊದಲು ಕೈಯಲ್ಲಿ ಹಿಡಿಯುವ ಕಟರನ್ನೇ ಮೇಜಿನಡಿ ತಲೆಕೆಳಗಾಗಿ ಬಿಗಿದು ಹಲಗೆ ಸೀಳುತ್ತಿದ್ದೆವು. ಆ ಪದ್ಧತಿ ಇಂದಿಗೂ ಹಲವೆಡೆ ಕಣ್ಣಿಗೆ ಬೀಳುತ್ತದೆ, ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ತಂದ ಮೊದಲ ವಾರ ಯಂತ್ರ ಸರಿಯಾಗಿ ಕೊಯ್ಯಲಿಲ್ಲ. ಸೀಳಿದ ತೇಗದ ಪಟ್ಟಿಯ ಒಂದು ಅಂಚು ಕಪ್ಪಗೆ ಸುಟ್ಟು ಬರುತ್ತಿತ್ತು. ಬ್ಲೇಡ್ ಬದಲಿಸಿದರೂ ಸುಡುವುದು ನಿಲ್ಲಲಿಲ್ಲ. ಕೊನೆಗೆ ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಆ ಹಲ್ಲು ಮುಂದಿದ್ದಾಗ ಮೇಜಿನ ಮೇಲೆ ಬ್ಲೇಡಿನ ಪಕ್ಕ ಉದ್ದಕ್ಕೆ ಇರುವ ತೋಡಿಗೂ ಅದಕ್ಕೂ ಇರುವ ಅಂತರವನ್ನು ಅಳೆದೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದಾಗ ಅರ್ಧ ಮಿಲಿಮೀಟರ್ ವ್ಯತ್ಯಾಸ ಕಂಡಿತು. ಎರಡೂ ಕಡೆ ಒಂದೇ ಹಲ್ಲನ್ನು ಅಳೆದರೆ ಬ್ಲೇಡ್ ತುಸು ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮೇಜಿನಡಿಯ ಬೋಲ್ಟುಗಳನ್ನು ಸಡಿಲಿಸಿ ಬ್ಲೇಡನ್ನು ತೋಡಿಗೆ ಸಮಾನಾಂತರ ಮಾಡಿ, ಬಳಿಕ ಹಲಗೆಯ ಅಂಚನ್ನು ಆನಿಸಿ ತಳ್ಳುವ ಉದ್ದನೆಯ ಪಟ್ಟಿಯಾದ ಫೆನ್ಸನ್ನೂ ಅದೇ ತೋಡಿಗೆ ಹೊಂದಿಸಿದೆ. ಅರ್ಧ ದಿನ ಹಿಡಿಯಿತು, ಆದರೆ ಅಂದಿನಿಂದ ಅಂಚು ಸುಟ್ಟಿಲ್ಲ.

ಹೀಗೆ ಸುಡುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬ್ಲೇಡಿನ ಹಿಂಬದಿಯ ಹಲ್ಲುಗಳು ಮರವನ್ನು ಉಜ್ಜುತ್ತಿವೆ ಎಂಬುದಕ್ಕೆ ಅದೇ ಗುರುತು. ಆ ಹಲ್ಲುಗಳು ಕೆಳಗಿನಿಂದ ಮೇಲಕ್ಕೆದ್ದು ನಮ್ಮ ಕಡೆಗೇ ತಿರುಗುವುದರಿಂದ, ಅವಕ್ಕೆ ಸಿಕ್ಕ ಮರ ಎದುರು ನಿಂತವನ ಮೇಲೆಯೇ ಬರುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 64 ಮೀಟರ್, ಅಂದರೆ ಗಂಟೆಗೆ 230 ಕಿಲೋಮೀಟರ್ ಆಗುತ್ತದೆ.

ಈ ಯಂತ್ರದ ಬಗ್ಗೆ ನನ್ನ ದೊಡ್ಡ ತಕರಾರು ಇರುವುದು ಬ್ಲೇಡಿನ ಹಿಂದೆ ನಿಲ್ಲುವ ರಿವಿಂಗ್ ನೈಫ್ ಬಗ್ಗೆ. ಕೊಯ್ದ ಸೀಳು ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ತಗಡು ಅದು. ನಮ್ಮದು ಬ್ಲೇಡಿಗಿಂತ ಎತ್ತರವಾಗಿದ್ದು, ಬ್ಲೇಡನ್ನು ಮುಚ್ಚುವ ಮೇಲಿನ ಗಾರ್ಡ್ ಅದಕ್ಕೇ ಜೋಡಣೆಯಾಗಿದೆ. ಹೀಗಾಗಿ ಡ್ರಾಯರಿನ ತಳಕ್ಕೆ ಅರೆ ಆಳದ ಗಾಡಿ (ಹಲಗೆ ಪೂರ್ತಿ ತುಂಡಾಗದ ತೋಡು) ತೆಗೆಯಬೇಕಾದಾಗಲೆಲ್ಲ ಅದನ್ನು ಬಿಚ್ಚಲೇಬೇಕು. ಎರಡನೆಯ ವರ್ಷದ ಆಷಾಢದಲ್ಲಿ ಹೀಗೆ ಬಿಚ್ಚಿದ್ದನ್ನು ಮತ್ತೆ ಹಾಕದೆಯೇ ಬೇವಿನ ಹಲಗೆಯೊಂದನ್ನು ಸೀಳಲು ಹೋದೆ. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದಿತ್ತು, ಹಲಗೆ ಒಳಗೆ ಇನ್ನೂ ಹಸಿಯಿತ್ತು. ಮುಕ್ಕಾಲು ಪಾಲು ಮುಗಿಯುವಷ್ಟರಲ್ಲಿ ಸೀಳು ಬಿಗಿದುಕೊಂಡು, ಮೋಟಾರಿನ ಸದ್ದು ಒಮ್ಮೆ ತಗ್ಗಿತು. ಮರುಕ್ಷಣ ಹಲಗೆ ನನ್ನ ಕೈಯಲ್ಲಿರಲಿಲ್ಲ. ಅಣ್ಣನ ಮಗ ‘ಕಾಕಾ, ಶಟರ್ ನೋಡ್ರಿ’ ಎಂದಾಗಲೇ ತಿರುಗಿ ನೋಡಿದೆ. ಕಬ್ಬಿಣದ ಪಟ್ಟಿ ಒಳಗಿನಿಂದ ಹೊರಕ್ಕೆ ಬಾಗಿತ್ತು. ಬ್ಲೇಡಿನ ಸಾಲಿನಿಂದ ಎಡಕ್ಕೆ ಸರಿದು ನಿಲ್ಲುವ ರೂಢಿ ಇದ್ದುದರಿಂದ ಬದುಕಿಕೊಂಡೆ. ಅಂದಿನಿಂದ ಗಾಡಿ ತೆಗೆಯುವ ಕೆಲಸವನ್ನೆಲ್ಲ ಮರ ಕೊರೆಯುವ ಕೈಯಂತ್ರವಾದ ರೌಟರಿಗೆ ಒಪ್ಪಿಸಿ, ಆ ನೈಫನ್ನು ಬಿಚ್ಚುವುದನ್ನೇ ಬಿಟ್ಟಿದ್ದೇನೆ. ಹೊಸದಾಗಿ ಕೊಳ್ಳುವವರು ಬ್ಲೇಡಿನ ತುದಿಗಿಂತ ತುಸು ಕೆಳಗೇ ನಿಂತು, ಬ್ಲೇಡಿನ ಜೊತೆಗೇ ಏರಿಳಿಯುವ ನೈಫ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬ್ಲೇಡ್ ಬದಲಿಸುವಾಗಲೂ ನೈಫಿನ ದಪ್ಪವು ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆಯಿದ್ದು, ಬ್ಲೇಡಿನ ತಗಡಿಗಿಂತ ಹೆಚ್ಚಿರಬೇಕು.

ಮೆಚ್ಚಬೇಕಾದದ್ದು ಸ್ವಿಚ್ಚು. ಕೊಯ್ಯುವಾಗ ಕರೆಂಟ್ ಹೋಗಿ ಮತ್ತೆ ಬಂದರೆ ಯಂತ್ರ ತಾನಾಗಿ ಚಾಲೂ ಆಗುವುದಿಲ್ಲ, ಹಸಿರು ಗುಂಡಿ ಒತ್ತಲೇಬೇಕು. ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುವ ನಮ್ಮಂಥವರಿಗೆ ಇದೊಂದೇ ಸಾಕು ಈ ಯಂತ್ರವನ್ನು ಕೊಳ್ಳಲು. ಮೇಜಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಮೇಣ ಉಜ್ಜಿದರೆ ತುಕ್ಕೂ ನಿಲ್ಲುತ್ತದೆ, ಹಲಗೆಯೂ ಸರಾಗವಾಗಿ ಜಾರುತ್ತದೆ. ಧೂಳು ಎಳೆಯುವ ಕೊಳವೆ ಮಾತ್ರ ಹೆಸರಿಗಷ್ಟೇ ಇದೆ, ಮಾಸ್ಕ್ ಇಲ್ಲದೆ ನಿಲ್ಲಲಾಗದು.

ಜೊತೆಗೆ ಬಂದ 24 ಹಲ್ಲಿನ ಬ್ಲೇಡ್ ಎಳೆಯುದ್ದಕ್ಕೆ ಸೀಳಲು ಚೆನ್ನಾಗಿದೆ. ಪ್ಲೈವುಡ್‌ಗೆ ಅದನ್ನು ಬಳಸಿದರೆ ಅಡಿಭಾಗದ ಪದರು ಚಕ್ಕೆಚಕ್ಕೆಯಾಗಿ ಕಿತ್ತು ಬರುತ್ತದೆ, ಅದಕ್ಕೆ 60 ಹಲ್ಲಿನದು ಬೇಕು. ಅಡ್ಡ ಕೊಯ್ಯುವಾಗ ಮರವನ್ನು ಆನಿಸಿ ಮೇಜಿನ ತೋಡಿನಲ್ಲಿ ತಳ್ಳುವ ಮೈಟರ್ ಗೇಜ್ ಜೊತೆಗೆ ಫೆನ್ಸನ್ನೂ ತಾಗಿಸಿಕೊಂಡರೆ ತುಂಡಾದ ಮರ ಇಬ್ಬದಿಯ ನಡುವೆ ಸಿಕ್ಕಿ ಎಗರುತ್ತದೆ; ಹಾಗಾಗಿ ಬ್ಲೇಡಿಗಿಂತ ಸಾಕಷ್ಟು ಮೊದಲೇ ಕೊನೆಯಾಗುವಂತೆ ಫೆನ್ಸಿಗೆ ಮರದ ತುಂಡೊಂದನ್ನು ಕ್ಲಾಂಪ್ ಮಾಡಿ, ಅಳತೆಯನ್ನು ಅದರಿಂದ ಹಿಡಿಯುತ್ತೇನೆ.

ಈ ವರ್ಷ ಫೆನ್ಸಿನ ಲಾಕ್ ಸವೆದಿದೆ. ಬಿಗಿ ಮಾಡುವಾಗ ಹಿಂಬದಿ ಕೂದಲೆಳೆಯಷ್ಟು ಬ್ಲೇಡಿನ ಕಡೆಗೆ ಸರಿಯುತ್ತದೆ, ಬಿಡಿಭಾಗ ಕೇಳಿ ಮೂರು ತಿಂಗಳಾದರೂ ಬಂದಿಲ್ಲ. ಅದು ಬರುವವರೆಗೆ ಪ್ರತಿ ಸಲ ಲಾಕ್ ಹಾಕಿದ ಮೇಲೆ ಮುಂದೊಮ್ಮೆ, ಹಿಂದೊಮ್ಮೆ ಅಳೆದು, ಎರಡೂ ಅಳತೆ ಒಂದೇ ಬಂದರೆ ಮಾತ್ರ ಹಸಿರು ಗುಂಡಿ ಒತ್ತುತ್ತಿದ್ದೇನೆ.