ಸ್ಮಿತ್ ಅಥವಾ ಕೇಪರ್ನಿಕ್: 2012ರ ಫಾರ್ಟಿನೈನರ್ಸ್ ಮುಂದಿದ್ದ ಆಯ್ಕೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಋತುವಿನ ನಡುವೆ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿಯನ್ನು ಮುನ್ನಡೆಸುವ ಆಟಗಾರ) ಬದಲಿಸಬೇಕೇ ಎಂದು ಯೋಚಿಸುವ ತರಬೇತುದಾರರು 2012ರ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡವನ್ನು ಗಮನಿಸಬೇಕು. ನವೆಂಬರ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ಹೊರಗುಳಿದ ಅಲೆಕ್ಸ್ ಸ್ಮಿತ್ ಕಳಪೆಯಾಗಿ ಆಡುತ್ತಿರಲಿಲ್ಲ. ಹಿಂದಿನ ಪಂದ್ಯದಲ್ಲಷ್ಟೇ ಅರಿಜೋನಾ ವಿರುದ್ಧ ಅವರ 19 ಪಾಸ್‌ಗಳಲ್ಲಿ 18 ಸಹ ಆಟಗಾರರ ಕೈ ಸೇರಿದ್ದವು. ಬಲವಾದ ರಕ್ಷಣಾ ಪಡೆಯಿರುವ ತಂಡಕ್ಕೆ ಇಂಥ ಎಚ್ಚರಿಕೆಯ ಆಟ ಚೆನ್ನಾಗಿ ಒಪ್ಪುತ್ತದೆ. ಸ್ಮಿತ್ ಬದಲಿಗೆ ಕಣಕ್ಕಿಳಿದ ಕಾಲಿನ್ ಕೇಪರ್ನಿಕ್ ಅವರದು ಬೇರೆಯೇ ಬಗೆ: ಬಿರುಸಾದ ಎಸೆತದ ಜೊತೆಗೆ ಓಟವೂ ಇದ್ದುದರಿಂದ, ಯಾರನ್ನು ಹಿಡಿಯಬೇಕೆಂದು ಎದುರಾಳಿ ರಕ್ಷಕರು ತಡವರಿಸುವ ಒಂದೇ ಕ್ಷಣದಲ್ಲಿ ಅವರು ಅಂಚಿನಿಂದ ನುಗ್ಗಿಬಿಡುತ್ತಿದ್ದರು. ಗ್ರೀನ್ ಬೇ ವಿರುದ್ಧದ ಪ್ಲೇಆಫ್‌ನಲ್ಲಿ ಹೀಗೆಯೇ 181 ಗಜ ಓಡಿದರು. ಗಾಯಾಳುವಿನ ಸ್ಥಾನ ಕಸಿಯಬಾರದೆಂಬ ವಾದಕ್ಕೆ ನನ್ನ ಮನಸ್ಸು ಮಿಡಿಯುತ್ತದೆ. ಆದರೂ ಅಟ್ಲಾಂಟಾದಲ್ಲಿ 0–17ರ ಹಿನ್ನಡೆಯಿಂದ ತಂಡವನ್ನು ಮೇಲೆತ್ತಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದ ಕೇಪರ್ನಿಕ್ ಅವರನ್ನೇ, ತಂಡದ ತರಬೇತುದಾರರಂತೆ, ನಾನೂ ಆರಿಸುತ್ತಿದ್ದೆ.