ಬ್ಯಾಂಕ್ ಅಸೆಸ್‌ಮೆಂಟಿನ ಪ್ರಾಕ್ಟೀಸ್ ಪ್ಯಾಕ್: ಯಾವ ಭಾಗಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಬ್ಯಾಂಕಿಗೆ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಮೊದಲು ಬರುವುದು ಆನ್‌ಲೈನ್ ಅಸೆಸ್‌ಮೆಂಟಿನ ಲಿಂಕು. ಅದರ ಬಗ್ಗೆ ಸ್ವಲ್ಪ ಹುಡುಕಿದರೆ ಸಾಕು, ಆ ಬ್ಯಾಂಕಿನ ಹೆಸರನ್ನೇ ಹಣೆಗೆ ಅಂಟಿಸಿಕೊಂಡ ಪ್ರಾಕ್ಟೀಸ್ ಪ್ಯಾಕ್‌ಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಳಗಿನ ಸರಕು ಮಾತ್ರ ಬಹುತೇಕ ಒಂದೇ: ಅಂಕಿಅಂಶದ ಪ್ರಶ್ನೆಗಳು, ಓದಿ ತರ್ಕಿಸುವ ಪ್ರಶ್ನೆಗಳು, ಕೆಲಸದ ಸನ್ನಿವೇಶಗಳು, ವ್ಯಕ್ತಿತ್ವದ ಪ್ರಶ್ನಾವಳಿ. ಮೊದಲ ಎರಡಕ್ಕೆ ಒಳ್ಳೆಯ ಪ್ಯಾಕ್ ಸಿಕ್ಕರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸನ್ನಿವೇಶದ ಭಾಗವನ್ನು ಅರ್ಧ ನಂಬಬಹುದು. ವ್ಯಕ್ತಿತ್ವದ ಭಾಗಕ್ಕೆ ಕೊಡುವ ದುಡ್ಡು ದಂಡ, ಕೆಲವೊಮ್ಮೆ ಅದರಿಂದ ಕೆಡುಕೇ ಹೆಚ್ಚು.

ಕೊಳ್ಳುವ ಮುಂಚೆ ಆಹ್ವಾನದ ಮೇಲ್ ಅನ್ನು ನಿಧಾನವಾಗಿ ಓದಿ. ದೊಡ್ಡ ಬ್ಯಾಂಕುಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯನ್ನು ಹೊರಗಿನ ಕಂಪನಿಯಿಂದ ಮಾಡಿಸುತ್ತವೆ. ಎಸ್‌ಎಚ್‌ಎಲ್, ಕಾರ್ನ್ ಫೆರಿ, ಕಟ್-ಇ (ಇದು 2017ರಲ್ಲಿ ಏಯಾನ್ ಕೈಗೆ ಹೋಯಿತು), ಹೈರ್‌ವ್ಯೂ ಇಂಥ ಹೆಸರುಗಳಲ್ಲಿ ಒಂದು ಲಿಂಕಿನ ವಿಳಾಸದಲ್ಲೋ ಇಮೇಲಿನ ಅಡಿಬರಹದಲ್ಲೋ ಕಾಣಿಸುತ್ತದೆ. ಪ್ಯಾಕ್ ಆರಿಸಬೇಕಾದ್ದು ಬ್ಯಾಂಕಿನ ಹೆಸರು ನೋಡಿಯಲ್ಲ, ಈ ಹೆಸರು ನೋಡಿ. ಯಾಕೆಂದರೆ ‘ನ್ಯೂಮೆರಿಕಲ್ ಟೆಸ್ಟ್’ ಎಂಬ ಒಂದೇ ಹೆಸರಿನಡಿ ಪೂರ್ತಿ ಬೇರೆ ಬೇರೆ ಆಟಗಳಿವೆ. ಕಾರ್ನ್ ಫೆರಿಯ ಟ್ಯಾಲೆಂಟ್ ಕ್ಯೂ ಎಲಿಮೆಂಟ್ಸ್‌ನಲ್ಲಿ 12 ಪ್ರಶ್ನೆ, ಪ್ರತಿಯೊಂದಕ್ಕೂ 75ರಿಂದ 90 ಸೆಕೆಂಡು. ಕಟ್-ಇ ಸ್ಕೇಲ್ಸ್‌ನಲ್ಲಿ 12 ನಿಮಿಷಕ್ಕೆ, ಸರಿಯೋ ತಪ್ಪೋ ಎಂದು ಹೇಳಬೇಕಾದ 37 ಹೇಳಿಕೆ, ಅಂದರೆ ಒಂದಕ್ಕೆ 20 ಸೆಕೆಂಡೂ ಇಲ್ಲ. ಮೊದಲನೆಯದರಲ್ಲಿ ಲೆಕ್ಕವೇ ಭಾರ. ಎರಡನೆಯದರಲ್ಲಿ ಲೆಕ್ಕ ಹಗುರ, ಬೇಕಾದ ಅಂಕಿ ಯಾವ ಟ್ಯಾಬಿನೊಳಗಿದೆ ಎಂದು ಹುಡುಕುವುದರಲ್ಲೇ ಸಮಯ ಕರಗುತ್ತದೆ. ಒಂದಕ್ಕೆಂದು ಮಾಡಿದ ಪ್ಯಾಕಿನಲ್ಲಿ ಪಳಗಿ ಇನ್ನೊಂದಕ್ಕೆ ಕೂತರೆ ಗತಿ ತಪ್ಪುತ್ತದೆ.

ಇನ್ನೊಂದು ಮಾತು. ಈ ಕಂಪನಿಗಳಲ್ಲಿ ಹಲವು ತಮ್ಮದೇ ಜಾಲತಾಣದಲ್ಲಿ ಉಚಿತ ಅಭ್ಯಾಸ ಪರೀಕ್ಷೆ ಇಟ್ಟಿವೆ. ಪ್ರಶ್ನೆಗಳು ಕಡಿಮೆ, ವಿವರಣೆ ಇನ್ನೂ ಕಡಿಮೆ. ಆದರೂ ಪರದೆಯ ವಿನ್ಯಾಸ, ಟೈಮರ್ ಇರುವ ಜಾಗ, ಹಿಂದಿನ ಪ್ರಶ್ನೆಗೆ ಮರಳಲು ಬಿಡುತ್ತದೋ ಇಲ್ಲವೋ ಎಂಬುದನ್ನೆಲ್ಲ ಅಸಲಿ ರೂಪದಲ್ಲಿ ನೋಡಲು ಅದೇ ಸರಿ. ಮೊದಲು ಅದನ್ನು ಮಾಡಿ, ಎಲ್ಲಿ ಎಡವುತ್ತೀರಿ ಎಂದು ತಿಳಿದ ಮೇಲೆ ಪ್ಯಾಕಿನ ಮಾತು.

ಪ್ಯಾಕಿನ ನಿಜವಾದ ಬೆಲೆ ಇರುವುದು ಅಂಕಿಅಂಶದ ಭಾಗದಲ್ಲಿ. ಇಲ್ಲಿ ಬೇಕಾದ ಗಣಿತ ಶೇಕಡಾವಾರು, ಅನುಪಾತ, ಸರಾಸರಿ, ವಿನಿಮಯ ದರ, ಇಷ್ಟೇ. ಕಷ್ಟ ಗಣಿತದಲ್ಲಿಲ್ಲ, ಆಯ್ಕೆಗಳನ್ನು ಜೋಡಿಸುವ ರೀತಿಯಲ್ಲಿದೆ. ಅವಸರದಲ್ಲಿ ಜನ ಮಾಡುವ ತಪ್ಪಿನ ಉತ್ತರವನ್ನೇ ಆಯ್ಕೆಗಳ ನಡುವೆ ಕೂರಿಸಿರುತ್ತಾರೆ. ಠೇವಣಿ 15% ಏರಿ 460 ಆಗಿದೆ, ಮೊದಲು ಎಷ್ಟಿತ್ತು? 460ರಿಂದ 15% ಕಳೆದವರಿಗೆ 391 ಸಿಗುತ್ತದೆ, ಆಯ್ಕೆಯಲ್ಲಿ 391 ಇದ್ದೇ ಇರುತ್ತದೆ, ಒತ್ತಿ ಮುಂದೆ ಹೋಗುತ್ತಾರೆ. ಸರಿ ಉತ್ತರ 460 ಭಾಗಿಸು 1.15, ಅಂದರೆ 400. ಇನ್ನೊಂದು: ಒಂದು ಶಾಖೆ ಕೊಟ್ಟ 200 ಸಾಲಗಳಲ್ಲಿ 3% ಸುಸ್ತಿ, ಇನ್ನೊಂದು ಶಾಖೆಯ 800 ಸಾಲಗಳಲ್ಲಿ 8% ಸುಸ್ತಿ. ಒಟ್ಟು ಎಷ್ಟು? ಮೂರು ಮತ್ತು ಎಂಟರ ಸರಾಸರಿ ತೆಗೆದು 5.5% ಅಂದರೆ ಬಲೆಗೆ ಬಿದ್ದಂತೆ. 6 ಮತ್ತು 64 ಸೇರಿ 70, ಒಟ್ಟು ಸಾಲ 1000, ಉತ್ತರ 7%. ಬಡ್ಡಿ ದರ 4%ನಿಂದ 5%ಗೆ ಏರಿದರೆ ಅದು ಒಂದು ಶೇಕಡಾ ಅಂಶದ ಏರಿಕೆ, ಶೇಕಡಾವಾರು ಲೆಕ್ಕದಲ್ಲಿ 25%. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ಎರಡನೇ ಸಲ ಓದದವರು ಇಲ್ಲಿ ಜಾರುತ್ತಾರೆ. ವಿನಿಮಯ ದರದಲ್ಲಂತೂ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೇ ಬಂಡವಾಳ: ‘ಕ’ ನಾಣ್ಯದ 1ಕ್ಕೆ ‘ಖ’ ನಾಣ್ಯ 1.25 ಇದ್ದಾಗ 500 ‘ಖ’ಗೆ ಸಿಗುವುದು 400 ‘ಕ’. 625 ಎಂಬ ಆಯ್ಕೆಯೂ ಅಲ್ಲೇ ಕಾದಿರುತ್ತದೆ. ಕೋಷ್ಟಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ‘ಸಾವಿರಗಳಲ್ಲಿ’ ಎಂಬ ಸೂಚನೆಯನ್ನು ಕಡೆಗಣಿಸಿದವರ ಕಥೆ ಹೇಳುವುದೇ ಬೇಡ.

ಆದ್ದರಿಂದ ಪ್ಯಾಕನ್ನು ಅಳೆಯಬೇಕಾದ್ದು ಪ್ರಶ್ನೆಗಳ ಸಂಖ್ಯೆಯಿಂದಲ್ಲ. ಒಳ್ಳೆಯ ಪ್ಯಾಕ್ ತಪ್ಪು ಆಯ್ಕೆ ಎಲ್ಲಿಂದ ಬಂತು ಎಂದು ಬಿಡಿಸಿ ಹೇಳುತ್ತದೆ: ‘391 ಆರಿಸಿದ್ದರೆ ನೀವು ಏರಿದ ಮೊತ್ತದ ಮೇಲೆ ಶೇಕಡಾ ತೆಗೆದಿದ್ದೀರಿ’ ಎಂಬಂತೆ. ಕಳಪೆ ಪ್ಯಾಕ್ ‘ಸರಿ ಉತ್ತರ: ಬಿ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತದೆ. ಸಾವಿರ ಪ್ರಶ್ನೆ ಎಂದು ಕೊಚ್ಚಿಕೊಳ್ಳುವ ಕೆಲವದರಲ್ಲಿ ಒಂದೇ ಕೋಷ್ಟಕದ ವರ್ಷ ಬದಲಿಸಿ, ಊರು ಬದಲಿಸಿ ಮತ್ತೆ ಮತ್ತೆ ಬಡಿಸಿರುತ್ತಾರೆ. ಉಚಿತ ಮಾದರಿ ಕೊಟ್ಟಿದ್ದರೆ ಬೇಕೆಂದೇ ಎರಡು ತಪ್ಪು ಉತ್ತರ ಒತ್ತಿ ನೋಡಿ. ವಿವರಣೆ ಏನು ಬರುತ್ತದೆ ಎಂಬುದರಲ್ಲೇ ಪ್ಯಾಕಿನ ಬಂಡವಾಳ ಗೊತ್ತಾಗುತ್ತದೆ. ಪಿಡಿಎಫ್ ಮಾತ್ರ ಕೊಡುವವರ ಬಳಿ ಸುಳಿಯಬೇಡಿ. ಟೈಮರ್ ಇಲ್ಲದ ಅಭ್ಯಾಸದಿಂದ ವಿಧಾನ ಬಂದೀತು, ವೇಗ ಬರುವುದಿಲ್ಲ.

ಪ್ಯಾಕ್ ಕೈಗೆ ಬಂದ ಮೇಲೆ ಬಳಸುವ ಕ್ರಮವೂ ಮುಖ್ಯ. ಮೊದಲ ಸುತ್ತು ಟೈಮರ್ ಬಿಟ್ಟು ಮಾಡಿ. ಪ್ರತಿ ತಪ್ಪಿನ ಎದುರು ಕಾರಣ ಬರೆಯಿರಿ: ಪ್ರಶ್ನೆ ಸರಿಯಾಗಿ ಓದಲಿಲ್ಲ, ವಿಧಾನ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಸಮಯ ಸಾಲಲಿಲ್ಲ. ಹೆಚ್ಚಿನವರು ತಮಗೆ ಗಣಿತ ಬರುವುದಿಲ್ಲ ಎಂದುಕೊಂಡಿರುತ್ತಾರೆ. ಪಟ್ಟಿ ಬರೆದು ನೋಡಿದರೆ ಮೊದಲನೇ ಕಾರಣವೇ ಉದ್ದವಾಗಿರುತ್ತದೆ. ಎರಡನೇ ಸುತ್ತಿಗೆ ಅಸಲಿ ಸಮಯ ಇಡಿ. ಮೂರನೆಯದಕ್ಕೆ ಅದರಲ್ಲೂ ಹತ್ತನೇ ಒಂದು ಭಾಗ ಕಡಿಮೆ ಮಾಡಿ. ಆಯ್ಕೆಗಳು ದೂರ ದೂರ ಇದ್ದಾಗ ಪೂರ್ತಿ ಲೆಕ್ಕ ಹಾಕುವ ಗೋಜು ಬೇಡ: 19,870ರಲ್ಲಿ 3,982 ಎಂದರೆ 20,000ದಲ್ಲಿ 4,000, ಸುಮಾರು 20%. ಕ್ಯಾಲ್ಕುಲೇಟರಿಗೆ ಅವಕಾಶವಿದ್ದರೆ ದಿನವೂ ಅದೇ ಒಂದನ್ನು ಬಳಸಿ, ಶೇಕಡಾ ಕೀಲಿಯನ್ನು ಮುಟ್ಟಬೇಡಿ. 400 + 15% ಎಂದು ಒತ್ತಿದರೆ ಕೆಲವು 460 ತೋರಿಸುತ್ತವೆ, ಕೆಲವು 400.15. 1.15ರಿಂದ ಗುಣಿಸಿದರೆ ಎಲ್ಲದರಲ್ಲೂ ಒಂದೇ ಉತ್ತರ.

‘ಅಂಕ ದುಪ್ಪಟ್ಟಾಗುತ್ತದೆ’ ಎಂಬ ಜಾಹೀರಾತು ನಂಬುವ ಮುನ್ನ ಒಂದು ಅಂಕಿ ಗಮನದಲ್ಲಿರಲಿ. ಸಾಮರ್ಥ್ಯ ಪರೀಕ್ಷೆಗಳನ್ನು ಮತ್ತೊಮ್ಮೆ ಬರೆದಾಗ ಎಷ್ಟು ಸುಧಾರಣೆ ಆಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2007ರ ವಿಶ್ಲೇಷಣೆಯಲ್ಲಿ ಸಿಕ್ಕಿದ್ದು ಸುಮಾರು ಕಾಲು ಸ್ಟ್ಯಾಂಡರ್ಡ್ ಡೀವಿಯೇಷನ್. ಸರಿಯಾಗಿ ನಡುವಿನಲ್ಲಿದ್ದವರು, ಅಂದರೆ ನೂರರಲ್ಲಿ ಐವತ್ತು ಮಂದಿಗಿಂತ ಮುಂದಿದ್ದವರು, ಅರವತ್ತು ಮಂದಿಗಿಂತ ಮುಂದೆ ಬರುವಷ್ಟು. ತರಬೇತಿಯೂ ಸೇರಿದರೆ ಲಾಭ ಇನ್ನೂ ಸ್ವಲ್ಪ ಹೆಚ್ಚು. ಬ್ಯಾಂಕು ಗೆರೆ ಎಳೆಯುವುದು ನಡುವಿನ ಹತ್ತಿರವೇ ಆದರೆ ಇದು ಸಣ್ಣ ಮಾತಲ್ಲ, ಆದರೆ ಪವಾಡವೂ ಅಲ್ಲ.

ಓದಿ ತರ್ಕಿಸುವ ಭಾಗದಲ್ಲಿ ‘ಸರಿ, ತಪ್ಪು, ಹೇಳಲಾಗದು’ ಎಂಬ ಮೂರು ಆಯ್ಕೆ. ಹೆಚ್ಚು ಓದಿಕೊಂಡವರೂ ಇಲ್ಲಿ ಎಡವಬಹುದು, ಏಕೆಂದರೆ ಹೊರಗಿನ ಜ್ಞಾನ ಒಳಗೆ ನುಸುಳುತ್ತದೆ. ‘ಬ್ಯಾಂಕು ಹೊಸ ಆ್ಯಪ್ ಬಿಟ್ಟಿತು. ಅದೇ ವರ್ಷ ಶಾಖೆಗೆ ಬರುವವರ ಸಂಖ್ಯೆ ಇಳಿಯಿತು’ ಎಂದು ಮಾತ್ರ ಬರೆದಿದ್ದರೆ, ‘ಆ್ಯಪ್‌ನಿಂದಾಗಿ ಗ್ರಾಹಕರು ಶಾಖೆಗೆ ಬರುವುದು ಕಡಿಮೆಯಾಯಿತು’ ಎಂಬ ಹೇಳಿಕೆಗೆ ಉತ್ತರ ‘ಹೇಳಲಾಗದು’. ಕಾರಣ ಯಾವುದೆಂದು ಆ ಎರಡು ವಾಕ್ಯ ಹೇಳಿಲ್ಲ. ಮೊದಲು ಹೇಳಿಕೆ ಓದಿ, ಆಮೇಲೆ ಪಠ್ಯದಲ್ಲಿ ಅದರ ಸಾಲು ಹುಡುಕಿ. ‘ಎಲ್ಲ’, ‘ಮಾತ್ರ’, ‘ಯಾವಾಗಲೂ’ ಕಂಡಲ್ಲಿ ನಿಲ್ಲಿ. ಪ್ಯಾಕ್‌ಗಳು ಇದನ್ನು ಚೆನ್ನಾಗಿಯೇ ಕಲಿಸುತ್ತವೆ. ವಾಟ್ಸನ್-ಗ್ಲೇಸರ್ ಎಂಬ ತರ್ಕ ಪರೀಕ್ಷೆ ಇದ್ದರೆ (40 ಪ್ರಶ್ನೆ, 30 ನಿಮಿಷ) ಅದಕ್ಕೆಂದೇ ಮಾಡಿದ್ದು ಬೇಕು, ಅದರ ಐದೂ ವಿಭಾಗಗಳಿಗೆ ನಿಯಮ ಬೇರೆ ಬೇರೆ. ಮುಂದಿನ ಆಕೃತಿ ಯಾವುದು ಎಂದು ಕೇಳುವ ಸರಣಿಗಳೂ ಕೆಲವು ಪರೀಕ್ಷೆಗಳಲ್ಲಿ ಇರುತ್ತವೆ, ಅವಕ್ಕೆ ಉಚಿತ ಪ್ರಶ್ನೆಗಳೇ ಸಾಕು: ಎಣಿಕೆ, ತಿರುಗುವಿಕೆ, ಬಣ್ಣ, ಜಾಗ, ಒಂದೊಂದನ್ನೇ ಹಿಡಿದು ನೋಡುವ ರೂಢಿಯಾದರೆ ಆಯಿತು.

ಸನ್ನಿವೇಶದ ಪ್ರಶ್ನೆಗಳಿಗೆ ಬಂದರೆ ಪ್ಯಾಕಿನವರ ಜಂಬ ಸ್ವಲ್ಪ ಇಳಿಸಿಕೊಂಡು ನೋಡಬೇಕು. ಅಸಲಿ ಅಂಕಸೂಚಿ ಬಹಿರಂಗವಿಲ್ಲ. ಆ ಕೆಲಸ ಬಲ್ಲವರು ಯಾವ ನಡೆಯನ್ನು ಒಪ್ಪಿದರು ಎಂಬುದರ ಮೇಲೆ ಅದನ್ನು ಕಟ್ಟಿರುತ್ತಾರೆ, ಹತ್ತಿರದ ಉತ್ತರಕ್ಕೆ ಅರೆ ಅಂಕವೂ ಇರಬಹುದು. ಪ್ಯಾಕಿನಲ್ಲಿರುವುದು ಪ್ಯಾಕ್ ಬರೆದವರ ಊಹೆ. ಕೌಂಟರಿನ ಮುಂದೆ ಸಾಲು ಬೆಳೆದಿದೆ, ಸಹೋದ್ಯೋಗಿಯ ಲಾಗಿನ್ ಕೆಲಸ ಮಾಡುತ್ತಿಲ್ಲ, ‘ನಿಮ್ಮ ಲಾಗಿನ್ ಒಂದು ನಿಮಿಷ ಕೊಡಿ’ ಅನ್ನುತ್ತಾರೆ. ಕೊಡುವುದು ಅತಿ ಕೆಟ್ಟದ್ದು, ಇದರಲ್ಲಿ ಎರಡು ಮಾತಿಲ್ಲ. ಕೊಡಲಾಗದು ಎಂದು ಹೇಳಿ, ಅವರ ಗ್ರಾಹಕರನ್ನು ತಾನೇ ನೋಡಿಕೊಂಡು, ಲಾಗಿನ್ ಸರಿಪಡಿಸಲು ಮ್ಯಾನೇಜರಿಗೆ ತಿಳಿಸುವುದು ಅತ್ಯುತ್ತಮ, ಇದೂ ಹೆಚ್ಚುಕಡಿಮೆ ಖಚಿತ. ಆದರೆ ‘ಆಗಲ್ಲ ಎಂದು ತನ್ನ ಕೆಲಸ ಮುಂದುವರಿಸುವುದು’ ಮತ್ತು ‘ನೇರ ಮೇಲಧಿಕಾರಿಗೆ ದೂರು ಬರೆಯುವುದು’ ಇವೆರಡರಲ್ಲಿ ಯಾವುದು ಮೇಲು ಎಂದು ಒಂದು ಪ್ಯಾಕ್ ಒಂದು ಹೇಳಿದರೆ ಇನ್ನೊಂದು ಉಲ್ಟಾ ಹೇಳುತ್ತದೆ. ಆ ನಡುವಿನ ಕ್ರಮವನ್ನು ಬಾಯಿಪಾಠ ಮಾಡಬೇಡಿ. ತುದಿಗಳೆರಡು ಗಟ್ಟಿಯಾಗಲಿ: ಪಾಸ್‌ವರ್ಡ್ ಹಂಚುವುದು, ಗ್ರಾಹಕರ ಖಾತೆಯ ವಿವರ ಮನೆಯವರಿಗೇ ಆದರೂ ಬಿಟ್ಟುಕೊಡುವುದು, ಅನುಮಾನಾಸ್ಪದ ವಹಿವಾಟಿನ ವರದಿ ಹೋಗಿದೆ ಎಂದು ಆ ಗ್ರಾಹಕರಿಗೇ ಸುಳಿವು ಕೊಡುವುದು, ಇವು ಬ್ಯಾಂಕಿನಲ್ಲಿ ಎಂದಿಗೂ ಒಳ್ಳೆಯ ಉತ್ತರವಲ್ಲ. ಇದರ ಜೊತೆಗೆ ಬ್ಯಾಂಕು ತನ್ನ ಜಾಲತಾಣದಲ್ಲಿ ಬರೆದುಕೊಂಡ ಮೌಲ್ಯಗಳ ಪುಟವನ್ನು ಒಮ್ಮೆ ಓದಿ, ಅದು ಪುಕ್ಕಟೆ.

ವ್ಯಕ್ತಿತ್ವದ ಪ್ರಶ್ನಾವಳಿಗೆ ‘ಸರಿ ಉತ್ತರ’ ಮಾರುವವರಿಂದ ದೂರವಿರಿ. ಎಸ್‌ಎಚ್‌ಎಲ್‌ನ ಒಪಿಕ್ಯೂ32ಆರ್‌ನಲ್ಲಿ ಮೂರು ಮೂರು ಹೇಳಿಕೆಗಳ 104 ಗುಂಪು, ಪ್ರತಿಯೊಂದರಲ್ಲೂ ನಿಮಗೆ ಅತಿ ಹೊಂದುವುದು ಮತ್ತು ಅತಿ ಹೊಂದದ್ದು ಆರಿಸಬೇಕು. ಮೂರೂ ಒಳ್ಳೆಯ ಗುಣಗಳೇ ಆಗಿರುವಾಗ ಒಂದನ್ನು ಎತ್ತಿದರೆ ಇನ್ನೊಂದು ತಾನಾಗಿ ಇಳಿಯುತ್ತದೆ. ಎಲ್ಲೆಡೆ ‘ನಾಯಕತ್ವ’ ಒತ್ತಿ ಎಂದು ಹೇಳಿಕೊಟ್ಟಂತೆ ಮಾಡಿದವರ ಚಿತ್ರದಲ್ಲಿ ತಾಳ್ಮೆ, ವಿವರದ ಮೇಲಿನ ಗಮನ ಎರಡೂ ನೆಲಕಚ್ಚುತ್ತವೆ, ಲೆಕ್ಕಪತ್ರದ ಹುದ್ದೆಗೆ ಬೇಕಾದ್ದು ಅವೇ.

ಆಟದ ರೂಪದ ಪರೀಕ್ಷೆಗಳ ‘ಗುಟ್ಟು’ ಕೂಡ ಇದೇ ಜಾತಿ. ಪೈಮೆಟ್ರಿಕ್ಸ್‌ನ ಬಲೂನು ಊದುವ ಆಟದಲ್ಲಿ (ಊದಿದಷ್ಟೂ ಹಣ, ಒಡೆದರೆ ಆ ಬಲೂನಿನ ಹಣ ಹೋಯಿತು) ಎಷ್ಟು ಹಣ ಗಳಿಸಿದಿರಿ ಎಂಬುದಕ್ಕಿಂತ ಅಪಾಯವನ್ನು ಹೇಗೆ ತೂಗುತ್ತೀರಿ, ಒಡೆದ ಮೇಲೆ ಹೇಗೆ ಬದಲಾಗುತ್ತೀರಿ ಎಂಬುದನ್ನು ನೋಡುತ್ತಾರೆ. ನಿಯಮ ತಿಳಿದಿದ್ದರೆ ಸಾಕು. ವಿಡಿಯೋ ಸಂದರ್ಶನದ ಭಾಗ ಪ್ಯಾಕಿನ ವಯಸ್ಸು ಪತ್ತೆಹಚ್ಚಲು ಮಾತ್ರ ಒಳ್ಳೆಯದು. ಮುಖಭಾವ ವಿಶ್ಲೇಷಣೆಯನ್ನು ಕೈಬಿಟ್ಟಿದ್ದೇವೆ ಎಂದು ಇಂಥ ಸಂದರ್ಶನ ನಡೆಸಿಕೊಡುವ ಹೈರ್‌ವ್ಯೂ 2021ರ ಜನವರಿಯಲ್ಲೇ ತಿಳಿಸಿದೆ. ಇನ್ನೂ ‘ಯಂತ್ರಕ್ಕಾಗಿ ನಗುಮುಖ ಇಟ್ಟುಕೊಳ್ಳಿ’ ಎಂದು ಪಾಠ ಹೇಳುವ ಪ್ಯಾಕ್ ಅಲ್ಲಿಂದೀಚೆಗೆ ಪರಿಷ್ಕಾರವಾಗಿಲ್ಲ ಎಂದೇ ಲೆಕ್ಕ.

‘ಅಸಲಿ ಪ್ರಶ್ನೆಗಳು’ ಎಂದು ಸೋರಿಕೆಯ ಮಾಲು ಮಾರುವವರೂ ಇದ್ದಾರೆ. ಪ್ರಶ್ನೆಗಳನ್ನು ದೊಡ್ಡ ಕಣಜದಿಂದ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ತೆಗೆದುಕೊಡುವ ವ್ಯವಸ್ಥೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಬರೆದ ಅಂಕವನ್ನು ಆಮೇಲೆ ಮೇಲ್ವಿಚಾರಣೆಯಡಿ ಚಿಕ್ಕ ಪರೀಕ್ಷೆ ಕೊಟ್ಟು ತಾಳೆ ನೋಡುವ ಪದ್ಧತಿಯೂ ಇದೆ.

ಪ್ಯಾಕ್‌ಗಳು ಸಾಮಾನ್ಯವಾಗಿ ಇಂತಿಷ್ಟು ದಿನಕ್ಕೆ ಎಂದು ಬರುತ್ತವೆ, ಆದ್ದರಿಂದ ಆಹ್ವಾನ ಬಂದ ಮೇಲೆ, ಕೊನೆಯ ದಿನಾಂಕ ಗೊತ್ತಾದ ಮೇಲೆ ಕೊಳ್ಳುವುದು ಲಾಭ. ತಾನಾಗಿ ನವೀಕರಣವಾಗುವ ಚಂದಾ ಇದೆಯೇ ಎಂದು ಪಾವತಿಯ ಪುಟದಲ್ಲೇ ನೋಡಿ. ಹೆಚ್ಚುವರಿ ಸಮಯದಂಥ ಅನುಕೂಲ ಬೇಕಿರುವವರು ಲಿಂಕ್ ತೆರೆಯುವ ಮುಂಚೆಯೇ ಬ್ಯಾಂಕಿಗೆ ಬರೆಯಬೇಕು, ಶುರುವಾದ ಮೇಲೆ ಕೇಳಿದರೆ ಕಷ್ಟ.

ಪರೀಕ್ಷೆಯ ದಿನದ ಬಗ್ಗೆ ಪ್ಯಾಕ್‌ಗಳು ಒಂದು ಪುಟವೂ ಬರೆಯುವುದಿಲ್ಲ, ಅಲ್ಲೇ ಬಹಳಷ್ಟು ಕೆಡುವುದು. ಮೊಬೈಲಿನಲ್ಲಿ ಮಾಡಬಹುದು ಎಂದಿದ್ದರೂ ಕೋಷ್ಟಕಗಳಿಗೆ ದೊಡ್ಡ ಪರದೆಯೇ ಬೇಕು. ಬ್ರೌಸರ್ ಪರಿಷ್ಕರಿಸಿ, ಪಾಪ್-ಅಪ್ ತಡೆಯುವ ವಿಸ್ತರಣೆಗಳನ್ನು ಆಫ್ ಮಾಡಿ, ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ. ಕ್ಯಾಮೆರಾ ಮೇಲ್ವಿಚಾರಣೆ ಇದ್ದರೆ ಬೇರೆ ಟ್ಯಾಬ್ ತೆರೆದದ್ದೂ ದಾಖಲಾಗಬಹುದು. ಕ್ಯಾಲ್ಕುಲೇಟರ್ ಪರದೆಯ ಮೇಲಲ್ಲ, ಕೈಯಲ್ಲಿರಲಿ. ನಡುವೆ ಸಂಪರ್ಕ ತಪ್ಪಿದರೆ ಪುಟವನ್ನು ಪದೇ ಪದೇ ರಿಫ್ರೆಶ್ ಮಾಡಬೇಡಿ. ಗಡಿಯಾರವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಅದೇ ಲಿಂಕಿನಿಂದ ಒಮ್ಮೆ ಮರಳಿ ಪ್ರಯತ್ನಿಸಿ. ಆಗದಿದ್ದರೆ ಪರೀಕ್ಷಾ ಕಂಪನಿಯ ತಾಂತ್ರಿಕ ನೆರವಿಗೂ ನೇಮಕಾತಿ ತಂಡಕ್ಕೂ ಆ ಚಿತ್ರ, ನಿಂತುಹೋದ ಪ್ರಶ್ನೆಯ ಸಂಖ್ಯೆ, ಸಮಯ ಮೂರನ್ನೂ ಆಗಲೇ ಕಳಿಸಿ. ಫಲಿತಾಂಶ ಬಂದ ಮೇಲೆ ಹೇಳುವ ನೆಟ್‌ವರ್ಕಿನ ತೊಂದರೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.